ಸೊಪ್ಪಿನ ಬೆಟ್ಟದಿಂದ ಕಾಳಿನ ಗರ್ಭಕ್ಕೆ

ಕೆಳದಿ ಸಂಸ್ಥಾನಕ್ಕೆ ಶಿವಪ್ಪನಾಯಕ ಒಡೆಯನಾದದ್ದು 1645ರಲ್ಲಿ. ಮುಂದಿನ 15 ವರ್ಷಗಳಲ್ಲಿ ಅವನು ಗೆದ್ದ ಕೋಟೆಗಳ ಪಟ್ಟಿ ಉದ್ದವಿದೆ. ಕರಾವಳಿಯ ಠಾಣೆಗಳಿಂದ ಪೋರ್ಚುಗೀಸರನ್ನು ಎಬ್ಬಿಸಿದ್ದೂ ಆ ಪಟ್ಟಿಯಲ್ಲಿದೆ. ಆದರೂ ಮಲೆನಾಡಿನ ಜನ ಅವನನ್ನು ಇವತ್ತಿಗೂ ಕರೆಯುವುದು ಶಿಸ್ತಿನ, ಎಂದರೆ ಕಂದಾಯ ನಿಗದಿಯ, ಶಿವಪ್ಪನಾಯಕ ಎಂದೇ. ಗದ್ದೆಗೆ ಕಂದಾಯ ಕಟ್ಟುವ ಮುನ್ನ ಅವನು ಮಾಡಿಸಿದ ಕೆಲಸವನ್ನು ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಊರೂರಿನಲ್ಲಿ ಪ್ರತಿಯೊಂದು ಬಗೆಯ ನೆಲದಿಂದ ಒಂದು ಗದ್ದೆಯನ್ನು ಆರಿಸಿ, ಸತತ 12 ವರ್ಷ ಅರಮನೆಯ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗಲಿದ ಖರ್ಚೆಷ್ಟು, ಕಣಕ್ಕೆ ಬಂದ ಭತ್ತವೆಷ್ಟು, ಅದಕ್ಕೆ ಸಿಕ್ಕ ಬೆಲೆಯೆಷ್ಟು ಎಂದು ಲೆಕ್ಕ ಬರೆಸಿದ. ಸರಾಸರಿ ತೆಗೆದು, ನೆಲವನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಫಸಲಿನ ಮೂರನೆಯ ಒಂದು ಪಾಲನ್ನು ಅರಮನೆಗೆ ಗೊತ್ತುಮಾಡಿದ. ಅಡಿಕೆ ತೋಟಗಳನ್ನು ಅಳೆಯಲು ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲುಮೆಟ್ಟಿಲಿನ ಉದ್ದವೇ ಅಳತೆಗೋಲಾಯಿತು.

ಹನ್ನೆರಡು ವರ್ಷದ ಆ ಕಡತಗಳಲ್ಲಿ ಶಾನುಭೋಗರ ಲೇಖನಿ ಬರೆದದ್ದು ಕೊಳಗ, ಖಂಡುಗಗಳನ್ನು. ಒಂದೇ ಮಳೆ, ಒಂದೇ ಬಿತ್ತನೆ. ಒಂದು ಗದ್ದೆಯಲ್ಲಿ ತೆನೆ ತುಂಬಿ ಬಾಗುತ್ತದೆ, ಬದು ದಾಟಿದರೆ ಅರ್ಧಕ್ಕರ್ಧ ಜೊಳ್ಳು. ಉತ್ತಮ, ಮಧ್ಯಮ, ಕನಿಷ್ಠ ಎಂದು ನೆಲಕ್ಕೆ ಹೆಸರು ಕೊಡುವುದು ಅರಮನೆಗೆ ಸಾಕಿತ್ತು. ತೆನೆಯೊಳಕ್ಕೆ ಏನು ಹೋಯಿತು, ಯಾವ ದಾರಿಯಿಂದ ಹೋಯಿತು, ಎಲ್ಲಿ ತಡೆದು ನಿಂತಿತು ಎಂಬ ಪ್ರಶ್ನೆ ಆ ಕಾಲದಲ್ಲಿ ಜಗತ್ತಿನ ಯಾವ ಆಸ್ಥಾನದಲ್ಲೂ ಹುಟ್ಟಿರಲಿಲ್ಲ. ಕಾಳು ತುಂಬಲು ಎರಡು ಬೇಕು. ಸಕ್ಕರೆಯಿಂದ ಪಿಷ್ಟವಾಗುತ್ತದೆ; ಅಮೈನೋ ಆಮ್ಲಗಳಿಂದ ಪ್ರೋಟೀನು. ಸಕ್ಕರೆಯ ಮೂಲ ಗಾಳಿಯಲ್ಲೂ ಬಿಸಿಲಲ್ಲೂ ಇದೆ, ಅದು ಯಾರ ಗದ್ದೆಗೂ ಕಡಿಮೆಯಿಲ್ಲ. ಅಮೈನೋ ಆಮ್ಲಕ್ಕೆ ಬೇಕಾದ ಸಾರಜನಕ ಮಾತ್ರ ನೆಲದಿಂದಲೇ ಬರಬೇಕು, ನೆಲಕ್ಕೆ ಯಾರಾದರೂ ತಂದು ಹಾಕಬೇಕು. ಆ ಐದು ದರ್ಜೆಗಳ ಹಿಂದೆ ನೀರು, ಮಣ್ಣಿನ ಹದಗಳ ಜೊತೆಗೆ ಈ ಸಾರಜನಕದ ಸಿರಿ ಬಡತನವೂ ಇತ್ತು ಎಂದು ನಾನು ತಿಳಿದಿದ್ದೇನೆ.

ಮಲೆನಾಡಿನ ರೈತ ಅದನ್ನು ತಂದು ಹಾಕುವ ಬಗೆ ಅರಸರಿಗಿಂತ ಹಳೆಯದು. ತೋಟದ ತಲೆಯ ಮೇಲೊಂದು ಬೆಟ್ಟ. ಆ ಬೆಟ್ಟದ ಮರಗಳ ಸೊಪ್ಪು ತೋಟದವನ ಹಕ್ಕು. ಮಳೆಗಾಲದಲ್ಲಿ ಹಸಿಸೊಪ್ಪು ಕಡಿದು, ಬೇಸಿಗೆಯಲ್ಲಿ ದರಕು ಗುಡಿಸಿ, ತಲೆಹೊರೆಯಲ್ಲಿ ಕೊಟ್ಟಿಗೆಗೆ ತಂದು ಹಾಸುವುದು. ದನದ ಕಾಲ್ತುಳಿತಕ್ಕೆ ಸಿಕ್ಕಿ, ಸಗಣಿ ಗಂಜಲ ಕುಡಿದ ಆ ಸೊಪ್ಪು ಗೊಬ್ಬರಗುಂಡಿಗೆ ಹೋಗಿ, ವರ್ಷ ಕಳೆದು ಅಡಿಕೆ ಮರದ ಬುಡಕ್ಕೆ ಬೀಳುತ್ತದೆ. ಕೆಳದಿ 1763ರಲ್ಲಿ ಹೈದರನಿಗೆ ಸೋತಿತು, 1799ರಲ್ಲಿ ಟಿಪ್ಪು ಮಡಿದ. ಸೊಪ್ಪಿನ ಹೊರೆ ನಿಲ್ಲಲಿಲ್ಲ. ಇಂಗ್ಲಿಷರ ಕಂಪನಿಯ ಅಪ್ಪಣೆಯ ಮೇರೆಗೆ ಹೊಸ ಸೀಮೆಯನ್ನು ನೋಡಿ ಬರೆಯಲು ಹೊರಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇಕ್ಕೇರಿ, ನಗರ, ಶಿವಮೊಗ್ಗಗಳನ್ನು ಹಾದು ಹೋದಾಗ, ಅಡಿಕೆ ತೋಟಗಳ ಸಾಲು, ನೀರು, ಗೊಬ್ಬರ ಎಲ್ಲವನ್ನೂ ವೈದ್ಯನ ಕಣ್ಣಿನಿಂದ ಪರೀಕ್ಷಿಸಿ ಟಿಪ್ಪಣಿ ಮಾಡಿದ. ಬೆಟ್ಟದ ಎಲೆಯಲ್ಲಿದ್ದ ಸಾರಜನಕ ತೋಟದ ಕಾಯಿಗೆ ಇಳಿಯುತ್ತಿದೆ ಎಂದು ಬರೆಯಲು ಬೇಕಾದ ರಸಾಯನಶಾಸ್ತ್ರ ಆಗ ಎಳೆಯದು. ಆದರೆ ಇಳಿಯುವ ಕೆಲಸ ಅವನ ಕಣ್ಣೆದುರಿಗೇ ನಡೆದಿತ್ತು.

ಕಾಳು ತುಂಬುವ ಹೊತ್ತನ್ನು ಗುರುತಿಸುವುದರಲ್ಲಿ ಈ ನಾಡಿನ ಒಕ್ಕಲಿಗೆ ಯಾವ ಶಾಸ್ತ್ರದ ನೆರವೂ ಬೇಕಿರಲಿಲ್ಲ. ಆಶ್ವಯುಜದ ಹುಣ್ಣಿಮೆ ಬರುವಾಗ ಭತ್ತ ಹೊಡೆಯಾಗಿರುತ್ತದೆ, ಕೆಲವೆಡೆ ತೆನೆ ಈಗಷ್ಟೇ ಹೊರಟಿರುತ್ತದೆ. ಅದು ಭೂಮಿ ಹುಣ್ಣಿಮೆ. ಬಸುರಿ ಭೂಮಿಗೆ ಬಯಕೆಯ ಊಟ ಬಡಿಸುವ ದಿನ. ಹಿಂದಿನ ರಾತ್ರಿಯೆಲ್ಲ ಮನೆಯ ಹೆಂಗಸರು ಬಗೆಬಗೆಯ ಬೆರಕೆ ಸೊಪ್ಪು ಬೇಯಿಸಿ, ಕಡುಬು ಮಾಡಿ, ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ತುಂಬಿಡುತ್ತಾರೆ. ಬೆಳಗಿನ ಜಾವಕ್ಕೆ ಮನೆಯ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಆ ಬೆರಕೆ ಸೊಪ್ಪಿನ ಹಚ್ಚಂಬಲಿ ಬೀರುತ್ತಾರೆ. ಸೊಪ್ಪು ಗದ್ದೆಗೆ ಬೀಳುವ ಆ ದಿನಗಳಲ್ಲೇ ಗಿಡದೊಳಗೆ ಹಳೆಯ ಎಲೆಗಳು ತಮ್ಮ ಪ್ರೋಟೀನನ್ನು ಬಿಚ್ಚಿ ತೆನೆಗೆ ಕಳಿಸಲು ಶುರುಮಾಡಿರುತ್ತವೆ. ಬಸುರಿಗೆ ಹೆಚ್ಚು ಊಟ ಬೇಕು ಎಂಬ ತಾಯಂದಿರ ತಿಳಿವಳಿಕೆ ಹೀಗೆ ಗದ್ದೆಯವರೆಗೆ ಚಾಚಿದ್ದನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಇನ್ನೂ ಒಂದು ಕಸುಬಿನವರಿದ್ದರು. ಕಾಯಿಗೆ ಹೋಗುವ ರಸವನ್ನು ಕೈಯಲ್ಲಿ ಹಿಡಿದು ನೋಡಿದವರು ಅವರೇ. ಬಗನಿ ಮರದ, ತೆಂಗಿನ ಹೂಗೊನೆ ಬಿರಿಯುವ ಮುನ್ನ ಅದನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು, ತುದಿಯನ್ನು ದಿನವೂ ತೆಳ್ಳಗೆ ಸವರಿ ಕೆಳಗೆ ಮಡಕೆ ಕಟ್ಟುವುದು ಅವರ ವಿದ್ಯೆ. ಗಾಯ ಒಣಗಿ ಮುಚ್ಚಿಕೊಳ್ಳದಂತೆ ದಿನದಿನ ಸವರಬೇಕು. ಇಲ್ಲದಿದ್ದರೆ ಮರ ತನ್ನ ನಾಳಗಳನ್ನು ತಾನೇ ಬಿಗಿದುಕೊಳ್ಳುತ್ತದೆ. ಮಡಕೆಗೆ ತೊಟ್ಟಿಕ್ಕುವುದು ಬೇರಿನಿಂದ ಏರಿದ ಬರಿಯ ನೀರಲ್ಲ. ಎಲೆಯಲ್ಲಿ ತಯಾರಾಗಿ ಹೂವಿಗೂ ಕಾಯಿಗೂ ಹೊರಟಿದ್ದ ಫ್ಲೋಯಂ ರಸ ಅದು: ಮುಖ್ಯವಾಗಿ ಸಕ್ಕರೆ, ಜೊತೆಗೆ ಅಮೈನೋ ಆಮ್ಲಗಳು, ಲವಣಗಳು. ಬಿಸಿಲೇರುವಷ್ಟರಲ್ಲಿ ಆ ರಸ ಹುದುಗಿ ಕಳ್ಳಾಗುವುದೂ ಇದರಿಂದಲೇ. ಯೀಸ್ಟಿಗೆ ಸಕ್ಕರೆಯೂ ಬೇಕು, ಮೈ ಬೆಳೆಸಲು ಸಾರಜನಕವೂ ಬೇಕು; ಎರಡೂ ಒಂದೇ ಮಡಕೆಯಲ್ಲಿ ಸಿದ್ಧವಾಗಿವೆ. ತಾಳೆಯ ಜಾತಿಯ ಮರಗಳಿಗೆ ವರ್ಷವರ್ಷವೂ ಹೊಸ ನಾಳ ಕಟ್ಟಿಕೊಳ್ಳುವ ಶಕ್ತಿಯಿಲ್ಲ. ಎಳೆಯ ಕಾಂಡದಲ್ಲಿ ಹುಟ್ಟಿದ ಫ್ಲೋಯಂ ನಾಳವೇ ಹತ್ತಾರು ವರ್ಷ ಜೀವಂತವಾಗಿದ್ದು ಕೊನೆಕೊನೆಗೂ ರಸ ಸಾಗಿಸುತ್ತದೆ. ಅಜ್ಜ ನೆಟ್ಟ ಅಡಿಕೆ ಮರದಲ್ಲಿ ಮೊಮ್ಮಗನ ಕಾಯಿಗೆ ಊಟ ಹೋಗುವುದು ಅದೇ ಹಳೆಯ ನಾಳದಿಂದ.

ಈ ನಾಡು ಕೆಳದಿಯಿಂದ ಮೈಸೂರಿಗೆ, ಮೈಸೂರಿನಿಂದ ಬ್ರಿಟಿಷ್ ಕಮಿಷನರರ ಕೈಗೆ, ಮತ್ತೆ 1881ರಲ್ಲಿ ಒಡೆಯರ ಕೈಗೆ ಸಾಗುತ್ತಿದ್ದಾಗ, ದೂರದ ಯುರೋಪಿನ ಪ್ರಯೋಗಶಾಲೆಗಳಲ್ಲಿ ಗಿಡದ ಒಳಗಣ ಚರಿತ್ರೆ ಅಕ್ಷರ ಅಕ್ಷರವಾಗಿ ಬಿಡಿಸಿಕೊಳ್ಳುತ್ತಿತ್ತು. 1806ರಲ್ಲಿ ಫ್ರಾನ್ಸಿನ ವೋಕ್ಲಾನ್ ಮತ್ತು ರೋಬಿಕೆ ಶತಾವರಿಯ ಬಳಗದ ಒಂದು ಗಿಡದ ರಸದಿಂದ ಆಸ್ಪರಜೀನಿನ ಹರಳುಗಳನ್ನು ಬೇರ್ಪಡಿಸಿದರು. ಮನುಷ್ಯನ ಕೈಗೆ ಸಿಕ್ಕ ಮೊದಲ ಅಮೈನೋ ಆಮ್ಲ ಅದು, ಸಿಕ್ಕಿದ್ದು ಗಿಡದಿಂದಲೇ. 1837ರಲ್ಲಿ ಜರ್ಮನಿಯ ಹಾರ್ಟಿಗ್ ಫ್ಲೋಯಂನ ಜರಡಿ ನಾಳಗಳನ್ನು ಗುರುತಿಸಿದ. ಜ್ಯೂರಿಕ್ಕಿನ ಅರ್ನ್‌ಸ್ಟ್ ಶುಲ್ಸ್ ಮೊಳಕೆಯೊಡೆದ ಕಾಳುಗಳನ್ನೇ ಜೀವಮಾನವೆಲ್ಲ ಅರೆದು ಸೋಸಿ, ಆರ್ಜಿನೀನನ್ನು ಕಂಡುಹಿಡಿದು, ಬೀಜದ ಪ್ರೋಟೀನು ಒಡೆದು ಅಮೈನೋ ಆಮ್ಲವಾಗಿ ಸಸಿಗೆ ಹೋಗುತ್ತದೆಂದು ತೋರಿಸಿದ. 1890ರಲ್ಲಿ ವಿನೊಗ್ರಾಡ್‌ಸ್ಕಿ ನೆಲದಲ್ಲಿ ಅಮೋನಿಯಾವನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ಬೆಳೆಸಿದ. ಕೊಟ್ಟಿಗೆ ಗೊಬ್ಬರ ಬೇರಿಗೆ ದಕ್ಕುವುದು ಆ ಕಣ್ಣಿಗೆ ಕಾಣದ ಜೀವಿಗಳ ದುಡಿಮೆಯಿಂದ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅದೇ ಹೊತ್ತಿಗೆ ಮೈಸೂರು ಸರ್ಕಾರ ಲೇಮನ್ ಎಂಬ ರಸಾಯನಶಾಸ್ತ್ರಜ್ಞರನ್ನು ಕೃಷಿಯ ಕೆಲಸಕ್ಕೆಂದೇ ನೇಮಿಸಿತು. 1908ರಲ್ಲಿ ಇನ್ನೊಬ್ಬರು ಬಂದರು: ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಕೆನಡಾದವರು, 1878ರಲ್ಲಿ ಹುಟ್ಟಿದವರು. ಜರ್ಮನಿಯ ಗಾಟಿಂಗೆನ್‌ನಲ್ಲಿ ಅವರು ಸಂಶೋಧನೆ ಮಾಡಿದ್ದು ವಿನೊಗ್ರಾಡ್‌ಸ್ಕಿಯ ಆ ಬ್ಯಾಕ್ಟೀರಿಯಗಳ ಕೆಲಸದ ಮೇಲೆ, ನೆಲದಲ್ಲಿ ನೈಟ್ರೇಟ್ ಹುಟ್ಟುವ ಬಗೆಯ ಮೇಲೆ. ಬೆಟ್ಟದ ಸೊಪ್ಪು ಗೊಬ್ಬರವಾಗಿ ಬೇರಿಗೆ ಸೇರುವ ಆ ಮೊದಲ ಮಜಲನ್ನು ಅಷ್ಟು ಬಲ್ಲ ಇನ್ನೊಬ್ಬ ಅಧಿಕಾರಿ ಸಂಸ್ಥಾನದಲ್ಲಿ ಆಗ ಇದ್ದಿರಲಾರ. ಮೈಸೂರು ಅವರಿಗೆ ಕೊಟ್ಟ ಹುದ್ದೆ ಬೇರೆ: ಬೂಷ್ಟು ಮತ್ತು ಕೀಟಗಳ ತಜ್ಞ. ಮಲೆನಾಡು ಅವರ ಮುಂದಿಟ್ಟ ಪ್ರಶ್ನೆ ಕೊಳೆರೋಗ.

ಕೊಳೆಯೆಂದರೇನೆಂದು ಅಡಿಕೆಯ ಮನೆಯವರಿಗೆ ಹೇಳಬೇಕಾಗಿಲ್ಲ. ಆರಿದ್ರಾ ಮಳೆ ಹಿಡಿದು ಪುನರ್ವಸು, ಪುಷ್ಯಗಳಲ್ಲಿ ಬಿಡದೆ ಸುರಿದಾಗ, ಹಸಿರು ಕಾಯಿಯ ತೊಟ್ಟಿನ ಕಡೆ ನೀರು ಕುಡಿದಂಥ ಕಡುಹಸಿರು ಮಚ್ಚೆಯೊಂದು ಕಾಣುತ್ತದೆ. ಎರಡು ದಿನದಲ್ಲಿ ಅದು ಕಾಯಿಯನ್ನೆಲ್ಲ ಆವರಿಸುತ್ತದೆ. ಕಾಯಿ ಉದುರುತ್ತದೆ, ಬಿದ್ದಲ್ಲಿ ಬಿಳಿಯ ಬೂಷ್ಟು ಹತ್ತುತ್ತದೆ. ಬೆಳಿಗ್ಗೆ ತೋಟಕ್ಕೆ ಇಳಿದವರು ಮರದ ಬುಡದಲ್ಲಿ ಹಾಸಿ ಬಿದ್ದ ಕಾಯಿ ಕಂಡು ವರ್ಷದ ಲೆಕ್ಕ ಅಲ್ಲೇ ಮುಗಿಸಿಬಿಡುತ್ತಿದ್ದರು. ಆಗ ಇದ್ದ ಉಪಾಯವೆಂದರೆ ಕೊಟ್ಟೆ: ಮಳೆ ಶುರುವಾಗುವ ಮುನ್ನ ಮರ ಹತ್ತಿ ಪ್ರತಿ ಕೊನೆಗೂ ಹೊದಿಕೆ ಕಟ್ಟುವುದು. ನೀರು ತಾಗದ ಕಾಯಿಗೆ ಕೊಳೆ ಬಾರದೆಂದು ಹಿರಿಯರು ಕಂಡುಕೊಂಡಿದ್ದರು. ಅವರ ಕಾಣ್ಕೆ ಸರಿಯಾಗಿಯೇ ಇತ್ತು. ಆದರೆ ಸಾವಿರ ಮರದ ತೋಟಕ್ಕೆ ಕೊಟ್ಟೆ ಕಟ್ಟಲು ಬೇಕಾದ ಆಳು, ದಿನ, ಸಾಮಗ್ರಿ ಸಣ್ಣದಲ್ಲ.

ರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ಜೀವಿಯೆಂದು ಬೂಷ್ಟುತಜ್ಞ ಬಟ್ಲರ್ ಕೆಲವೇ ವರ್ಷ ಮುಂಚೆ ಗುರುತಿಸಿದ್ದರು. ಕೋಲ್ಮನ್ ಅದನ್ನು ತೋಟದಿಂದ ಪ್ರಯೋಗಶಾಲೆಗೆ ತಂದು ಬೆಳೆಸಿ, ಅದರ ಬಾಳ್ವೆಯನ್ನು ಹಂತಹಂತವಾಗಿ ಬಿಡಿಸಿ, 1910ರಲ್ಲಿ ಕೊಳೆರೋಗದ ಮೇಲೆ ತಮ್ಮ ಬುಲೆಟಿನ್ ಪ್ರಕಟಿಸಿದರು. ಅಡಿಕೆಯ ಹೆಸರನ್ನು ಹೊತ್ತ ಅದರ ಶಾಸ್ತ್ರೀಯ ನಾಮ ಅವರು ಇಟ್ಟದ್ದು. ಅವರು ಸೂಚಿಸಿದ ಮದ್ದು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಮಿಲ್ಲಾರ್ಡೆ 1885ರಲ್ಲಿ ಹೊರತಂದಿದ್ದ ಮದ್ದು ಅದು. ಮಲೆನಾಡಿನ ಮಳೆಗೆ ಅದು ತೊಳೆದು ಹೋಗದಂತೆ ರಾಳ ಮತ್ತು ಸೋಡಾ ಸೇರಿಸಿ ಅಂಟು ಕೊಡಿಸಿದರು. ಮುಂಗಾರಿಗೆ ಮೊದಲು ಕೊನೆಗಾರ ಮರ ಹತ್ತಿ ಕೊನೆಗಳ ಮೇಲೆ ತಿಳಿನೀಲಿಯ ಪದರ ಹೊಡೆದು ಇಳಿಯುವ ಪದ್ಧತಿ ಅಂದಿನಿಂದ ಬಂತು; ನೂರು ವರ್ಷ ಮೀರಿದರೂ ಇಂದಿಗೂ ಅದೇ ಮೊದಲ ಮದ್ದು. ಕೋಲ್ಮನ್ ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು, ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಸಿದರು, ಕಾಫಿಗೆಂದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರಕ್ಕೆ ಅಡಿಪಾಯ ಹಾಕಿದರು. ಮಲೆನಾಡಿಗೆ ಅವರು ಕೊಟ್ಟದ್ದರಲ್ಲಿ ಹಿರಿದು ಆ 1910ರ ತೆಳು ಪುಸ್ತಿಕೆಯೇ.

ಕೊಳೆ ಏಕೆ ಎಲೆಯನ್ನು ಬಿಟ್ಟು ಕಾಯಿಯನ್ನು ಅಷ್ಟು ಆಸೆಯಿಂದ ಹಿಡಿಯುತ್ತದೆ ಎಂದು ಯೋಚಿಸಿದರೆ ನಮ್ಮ ಕಥೆಯ ಎಳೆ ಸಿಗುತ್ತದೆ. ಮಳೆಗಾಲದ ಎಳೆಗಾಯಿ ಮರದ ಊಟ ಬಂದು ಸುರಿಯುವ ಜಾಗ. ಸಕ್ಕರೆ, ಅಮೈನೋ ಆಮ್ಲ ಎರಡೂ ಅಲ್ಲಿಗೆ ನಾಳ ತುಂಬಿ ಬರುತ್ತಿರುತ್ತವೆ. ತಾನಾಗಿ ಆಹಾರ ಮಾಡಿಕೊಳ್ಳಲಾರದ ಫೈಟಾಫ್ತೊರಕ್ಕೆ ಸಿದ್ಧ ಅಡುಗೆ ಸಿಗುವುದು ಅಲ್ಲೇ. ಈ ಕುಲದ ಹಲವು ಜೀವಿಗಳ ಬೀಜಕಗಳು ನೀರಿನಲ್ಲಿ ಈಜುತ್ತ, ಗಿಡದಿಂದ ಒಸರುವ ಅಮೈನೋ ಆಮ್ಲಗಳ ಸುಳಿವು ಹಿಡಿದೇ ತಮ್ಮ ಗುರಿ ಸೇರುತ್ತವೆಂದು ನಂತರದ ಪ್ರಯೋಗಗಳು ತೋರಿಸಿವೆ.

ಈ ಊಟ ಕಾಯಿಯ ಒಳಗೆ ದಾಟಬೇಕಾದ ಗಡಿಯನ್ನು ನೋಡಲು ಸೂಕ್ಷ್ಮದರ್ಶಕವೂ ಬೇಡ. ಶಿವಮೊಗ್ಗದ ಮಂಡಿಯಿಂದ ತಂದ ಚಾಲಿ ಅಡಿಕೆಯನ್ನು ಅಡಕತ್ತರಿಯಲ್ಲಿ ಇಟ್ಟು ನಡುವೆ ಸೀಳಿ. ಬಿಳಿಯ ತಿರುಳಿನೊಳಕ್ಕೆ ಕಂದು ಗೆರೆಗಳು ಅಂಚಿನಿಂದ ನಡುವಿಗೆ ಬೇರಿನಂತೆ ಇಳಿದಿರುತ್ತವೆ. ಆ ಕಂದು ಗೆರೆ ಬೀಜದ ಸಿಪ್ಪೆ ಒಳಕ್ಕೆ ಮಡಿಸಿಕೊಂಡು ಇಳಿದ ಗುರುತು; ಆ ಸಿಪ್ಪೆ ತಾಯಿಮರದ ಅಂಗಾಂಶ. ಬಿಳಿ ತಿರುಳು ಪರಾಗ ಸೇರಿ ಹುಟ್ಟಿದ ಹೊಸ ಪೀಳಿಗೆಯದು. ತಾಯಿಯ ನಾಳಗಳು ಕಂದಿನವರೆಗೆ ಬರುತ್ತವೆ, ಬಿಳಿಯೊಳಕ್ಕೆ ಒಂದೂ ಹೋಗುವುದಿಲ್ಲ. ತಾಯಿಗೂ ಮಗುವಿಗೂ ನಡುವೆ ನಾಳದ ನಂಟಿಲ್ಲ. ಹಾಗಿದ್ದರೆ ಊಟ ದಾಟುವುದು ಹೇಗೆ? ತಾಯಿಯ ಜೀವಕೋಶ ತನ್ನ ಅಮೈನೋ ಆಮ್ಲವನ್ನು ಹೊರಕ್ಕೆ, ಕೋಶಗಳ ನಡುವಣ ತೆಳು ನೀರಿಗೆ ಬಿಡಬೇಕು. ಮಗುವಿನ ಜೀವಕೋಶ ಅದನ್ನು ಅಲ್ಲಿಂದ ಹೆಕ್ಕಿಕೊಳ್ಳಬೇಕು. ಇಷ್ಟು ಕಾಣಲು ಒಂದು ಎಲೆಯಡಿಕೆಯ ತಟ್ಟೆ ಸಾಕಿತ್ತು. ಆ ಹೆಕ್ಕುವ ಬಾಗಿಲು ಯಾವುದೆಂದು ತಿಳಿಯಲು 1993ರವರೆಗೆ, ಬಿಡುವ ಬಾಗಿಲಿಗೆ ಇನ್ನೂ ಹೆಚ್ಚು ಕಾಲ ಕಾಯಬೇಕಾಯಿತು.

ಅಷ್ಟರೊಳಗೆ ಭದ್ರೆಯ ದಡದ ರೂಪವೇ ಬದಲಾಗಿತ್ತು. ಬೆಂಕಿಪುರವೆಂದಿದ್ದ ಊರು ಭದ್ರಾವತಿಯಾಗಿ, 1923ರ ಜನವರಿಯಲ್ಲಿ ಅಲ್ಲಿ ಮೈಸೂರು ಕಬ್ಬಿಣ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತದ ಹೊಣೆ ಹೊತ್ತರು. ಮಲೆನಾಡಿನ ಕಟ್ಟಿಗೆ ಇದ್ದಿಲಾಗಿ ಕುಲುಮೆಗೆ ಹೋಯಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂದು ಬಿದಿರು ಅಲ್ಲಿಗೆ ಹೋಯಿತು. ಅಡಿಕೆ ಬೆಳೆದವರು 1939ರಲ್ಲಿ ತಮ್ಮ ಮಾರಾಟ ಸಹಕಾರ ಸಂಘ ಮಾಮ್‌ಕೋಸ್ ಕಟ್ಟಿಕೊಂಡರು. ಮೈಸೂರಿನ ಹತ್ತಿರ ಬೆಳಗೊಳದಲ್ಲಿ, ದೇಶದ ಮೊದಮೊದಲ ಪ್ರಯತ್ನಗಳಲ್ಲಿ ಒಂದಾಗಿ, ಗಾಳಿಯ ಸಾರಜನಕದಿಂದ ಅಮೋನಿಯಾ ಕಟ್ಟಿ ಗೊಬ್ಬರ ಮಾಡುವ ಕಾರ್ಖಾನೆ ಎದ್ದಿತು. ಸೊಪ್ಪಿನ ಹೊರೆಯಿಲ್ಲದೆಯೂ ಸಾರಜನಕ ಚೀಲದಲ್ಲಿ ಬರುವ ಕಾಲ ಶುರುವಾದದ್ದು ಹಾಗೆ.

ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟು ಸ್ವಾತಂತ್ರ್ಯದ ಹೊತ್ತಿಗೆ ಆರಂಭವಾಗಿ 1960ರ ದಶಕದಲ್ಲಿ ಮುಗಿಯಿತು. 186 ಅಡಿ ತುಂಬಿತೇ ಎಂದು ಭದ್ರಾವತಿಯಿಂದ ದಾವಣಗೆರೆಯವರೆಗೆ ಜನ ಪ್ರತಿ ಮಳೆಗಾಲ ಕೇಳುವುದು ಆ ಜಲಾಶಯವನ್ನೇ. ಎಡದಂಡೆ, ಬಲದಂಡೆ ನಾಲೆಗಳ ಕೆಳಗೆ ಒಂದರ ಬದಲು ಎರಡು ಬೆಳೆ ಭತ್ತ ಬಂತು. 1966ರಲ್ಲಿ ಐಆರ್-8, 1968ರಲ್ಲಿ ಜಯ. ಗಿಡ್ಡ ತಳಿಗಳು, ಯೂರಿಯಾ ಉಂಡು ಬೀಳದೆ ನಿಲ್ಲುವ ತಳಿಗಳು. ಶಿಸ್ತಿನ ಕಾಲದ ಉತ್ತಮ ಗದ್ದೆಯೂ ಕಾಣದ ಫಸಲು ಕಣಕ್ಕೆ ಬಂತು. ಬೆನ್ನಿಗೇ ಕಂದು ಜಿಗಿಹುಳುವೂ ಬಂತು. ಅತಿಯಾಗಿ ಯೂರಿಯಾ ಸುರಿದ ಗದ್ದೆಗೇ ಅದು ಮೊದಲು ಬೀಳುತ್ತದೆಂದು ನಾಲೆ ಕೆಳಗಿನ ರೈತರು ಬಲ್ಲರು. ಕಾರಣ ಗಿಡದ ರಸದಲ್ಲಿದೆ. ಸಾರಜನಕ ಹೆಚ್ಚಾದ ಗಿಡದ ರಸದಲ್ಲಿ ಅಮೈನೋ ಆಮ್ಲ ಹೆಚ್ಚು. ಅದರಲ್ಲೂ ಆಸ್ಪರಜೀನ್ ಆ ಹುಳುವಿಗೆ ಹೀರುವ ಹಸಿವು ಕೆರಳಿಸುತ್ತದೆ.

ವಿಚಿತ್ರವೆಂದರೆ ಭತ್ತದ ಶತ್ರುವಾದ ಇದೇ ಹುಳುಜಾತಿಯಿಂದಲೇ ಭತ್ತದ ರಹಸ್ಯ ಹೊರಬಂತು. ಭತ್ತದ ಜರಡಿ ನಾಳವನ್ನು ಸೂಜಿಯಿಂದ ಚುಚ್ಚಿದರೆ ಅದು ಕ್ಷಣದಲ್ಲಿ ಮುಚ್ಚಿಕೊಳ್ಳುತ್ತದೆ. ಜಿಗಿಹುಳು ತನ್ನ ಕೂದಲಿಗಿಂತ ಸಣ್ಣ ಸೊಂಡಿಲನ್ನು ಇಳಿಸಿದಾಗ ಮಾತ್ರ ಗಿಡಕ್ಕೆ ಅದು ಗೊತ್ತಾಗುವುದಿಲ್ಲ. 1980ರ ಸುಮಾರಿಗೆ ಜಪಾನಿನ ವಿಜ್ಞಾನಿಗಳು, ಹುಳು ರಸ ಹೀರುತ್ತ ಕೂತಿರುವಾಗಲೇ ಲೇಸರ್ ಕಿರಣದಿಂದ ಆ ಸೊಂಡಿಲನ್ನು ಕತ್ತರಿಸಿದರು. ಗಿಡದಲ್ಲೇ ಉಳಿದ ಸೊಂಡಿಲಿನ ಮೋಟಿನಿಂದ ಶುದ್ಧ ಫ್ಲೋಯಂ ರಸ ಹನಿಹನಿಯಾಗಿ ಒಸರಿತು. ಪರೀಕ್ಷಿಸಿದಾಗ ಸಿಕ್ಕಿದ್ದು ನಮ್ಮ ಬಗನಿ ಮಡಕೆಯಲ್ಲಿ ಸಿಕ್ಕುವಂಥದ್ದೇ: ಸಕ್ಕರೆ ಎಲ್ಲಕ್ಕಿಂತ ಹೆಚ್ಚು, ಜೊತೆಗೆ ಧಾರಾಳವಾಗಿ ಅಮೈನೋ ಆಮ್ಲಗಳು.

ಈಗ ಭದ್ರಾ ನಾಲೆಯ ಕೆಳಗಿನ ಒಂದು ಭತ್ತದ ಗಿಡದಲ್ಲಿ ಆ ದಾರಿಯನ್ನು ಬುಡದಿಂದ ತುದಿಯವರೆಗೆ ನಡೆಯಬಹುದು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಿಲ್ಲ. ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಗಳಿಗೆ ಅಲ್ಲಿ ಕೆಲಸ ಕಡಿಮೆ. ಹಾಗಾಗಿ ಅಡಿಕೆ ತೋಟದ ಬೇರು ಬಹಳಷ್ಟು ನೈಟ್ರೇಟ್ ಹೀರಿದರೆ, ಭತ್ತದ ಬೇರು ಹೀರುವುದು ಹೆಚ್ಚಾಗಿ ಅಮೋನಿಯಂ. ಅಮೋನಿಯಂ ಮಿತಿ ಮೀರಿದರೆ ಜೀವಕೋಶಕ್ಕೆ ನಂಜು, ಆದ್ದರಿಂದ ಬೇರಿನಲ್ಲೇ ಅದು ಗ್ಲುಟಮೀನ್ ಆಗಿ, ಆಸ್ಪರಜೀನ್ ಆಗಿ ಕಟ್ಟಿಕೊಳ್ಳುತ್ತದೆ. ಹೀಗೆ ಕಟ್ಟಿದ ಅಮೈನೋ ಆಮ್ಲ ಕ್ಸೈಲಂ ನಾಳದ ನೀರಿನೊಡನೆ ಮೇಲೇರುತ್ತದೆ. ಆದರೆ ಆ ನೀರು ಹೋಗುವುದು ಬಿಸಿಲಿಗೆ ಆವಿಯಾಗುವ ಕಡೆಗೆ, ಎಂದರೆ ಎಲೆಗೆ. ಹೊಟ್ಟಿನೊಳಗೆ ಕೂತ ಕಾಳು ಬೆವರುವುದು ಅತಿ ಕಡಿಮೆ. ನೀರಿನ ಹರಿವು ಅದನ್ನು ಬದಿಗೆ ಬಿಟ್ಟು ಹೋಗುತ್ತದೆ. ಎಲೆ ತಾನು ಪಡೆದ ಸಾರಜನಕದಿಂದ ರುಬಿಸ್ಕೋ ಎಂಬ ಪ್ರೋಟೀನನ್ನು ರಾಶಿಗಟ್ಟಲೆ ಕಟ್ಟುತ್ತದೆ. ಗಾಳಿಯ ಇಂಗಾಲವನ್ನು ಹಿಡಿಯುವುದು ಅದರ ಕೆಲಸ. ಭತ್ತದ ಎಲೆಯ ಸಾರಜನಕದಲ್ಲಿ ಸುಮಾರು ಕಾಲು ಭಾಗ ಅದರಲ್ಲೇ ಇರುತ್ತದೆ.

ತೆನೆ ಹೊರಟ ಮೇಲೆ ಎಲೆಯ ಧರ್ಮ ಬದಲಾಗುತ್ತದೆ. ಕೆಳಗಿನ ಎಲೆಗಳು ಮೊದಲು, ತುದಿಯ ಧ್ವಜದೆಲೆ ಕೊನೆಗೆ, ತಾವು ಕಟ್ಟಿದ ರುಬಿಸ್ಕೋವನ್ನು ತಾವೇ ಒಡೆಯುತ್ತವೆ. ರೈತನ ಕಣ್ಣಿಗೆ ಕಾಣುವುದು ಹಸಿರು ಹಳದಿಯಾದದ್ದು ಮಾತ್ರ. ಕಾಳಿನ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹಳೆಯ ಎಲೆ, ಕಾಂಡಗಳಿಂದ ಬರುತ್ತದೆ. ಆ ಹೊತ್ತಿಗೆ ಬೇರು ಹೊಸದಾಗಿ ಹೀರುವುದು ಉಳಿದ ಪಾಲು. ಬೆಟ್ಟದ ಎಲೆಯನ್ನು ಮನುಷ್ಯ ತಲೆಯ ಮೇಲೆ ಹೊತ್ತು ತೋಟದ ಕಾಯಿಗೆ ತಂದ ಹಾಗೆ, ಗಿಡ ತನ್ನ ಎಲೆಯನ್ನು ಕರಗಿಸಿ ತನ್ನ ಕಾಳಿಗೆ ಒಯ್ಯುತ್ತದೆ.

ಒಡೆದ ಅಮೈನೋ ಆಮ್ಲ ಜರಡಿ ನಾಳಕ್ಕೆ ತುಂಬಬೇಕು. ನಾಳದ ಕೋಶಕ್ಕೆ ಕೇಂದ್ರವೇ ಇಲ್ಲ; ಪಕ್ಕದ ಸಂಗಾತಿ ಕೋಶ ಅದರ ಜೀವ ಹಿಡಿದಿರುತ್ತದೆ. ಸಂಗಾತಿ ಕೋಶದ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಕೋಶ ಮೊದಲು ಶಕ್ತಿ ಖರ್ಚುಮಾಡಿ ಪ್ರೋಟಾನುಗಳನ್ನು ಹೊರಗೆ ತಳ್ಳುತ್ತದೆ; ಒಳಕ್ಕೆ ನುಗ್ಗಲು ಹವಣಿಸುವ ಪ್ರೋಟಾನಿನ ಜೊತೆ ಅಮೈನೋ ಆಮ್ಲವೂ ಆ ಬಾಗಿಲಿನಿಂದ ಒಳಗೆ ಬರುತ್ತದೆ. ಬರ್ಲಿನ್ನಿನ ಫ್ರೊಮರ್ ಮತ್ತು ಸಂಗಡಿಗರು, ಅಮೆರಿಕದ ಬುಶ್ ಮತ್ತು ಸಂಗಡಿಗರು 1993ರಲ್ಲಿ ಬೇರೆಬೇರೆಯಾಗಿ ಈ ಬಾಗಿಲುಗಳ ಮೊದಲ ಜೀನನ್ನು ಹಿಡಿದರು. ಅಮೈನೋ ಆಮ್ಲ ಹೀರಲು ಬಾರದಂತೆ ಕುಂಟಾದ ಯೀಸ್ಟಿಗೆ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಜೀನುಗಳನ್ನು ಸೇರಿಸಿ, ಯಾವುದು ಆ ಯೀಸ್ಟನ್ನು ಬದುಕಿಸಿತೋ ಅದೇ ಬಾಗಿಲಿನ ಜೀನು ಎಂದು ತಿಳಿದದ್ದು ಅವರ ಜಾಣ್ಮೆ. ಆ ಬಾಗಿಲಿಗೆ ಎಎಪಿ-1 ಎಂಬ ಹೆಸರು ಬಂತು. ಮುಂದೆ ಅದರ ಒಡಹುಟ್ಟಿದವು ಒಂದೊಂದಾಗಿ ಸಿಕ್ಕವು: ಕಾಂಡದಲ್ಲಿ ಕ್ಸೈಲಂನಿಂದ ಫ್ಲೋಯಂಗೆ ದಾಟಿಸುವುದು ಒಂದು, ನಾಳಕ್ಕೆ ತುಂಬುವುದು ಇನ್ನೊಂದು, ಭ್ರೂಣದೊಳಕ್ಕೆ ಸೇದುವುದು ಮತ್ತೊಂದು. ಹೊರಕ್ಕೆ ಬಿಡುವ ಬಾಗಿಲುಗಳ ಕುಟುಂಬವೇ ಬೇರೆ, ಅದು ಬೆಳಕಿಗೆ ಬಂದದ್ದು ಇತ್ತೀಚೆಗೆ.

ತುಂಬಿದ ನಾಳದೊಳಕ್ಕೆ ಪಕ್ಕದಿಂದ ನೀರು ನುಗ್ಗಿ ಒತ್ತಡ ಏರುತ್ತದೆ. ಇಳಿಸಿಕೊಳ್ಳುವ ಕಾಳಿನ ಕಡೆ ಒತ್ತಡ ಕಡಿಮೆ. ಜರ್ಮನಿಯ ಮ್ಯೂನ್ಶ್ 1930ರಲ್ಲಿ ಹೇಳಿದಂತೆ ಆ ವ್ಯತ್ಯಾಸವೇ ರಸವನ್ನು ತಳ್ಳುತ್ತದೆ. ಭತ್ತದ ಕಾಳಿನ ಬೆನ್ನಿಗೆ ಉದ್ದಕ್ಕೂ ಒಂದೇ ಒಂದು ಮುಖ್ಯ ನಾಳದ ಕಟ್ಟು ಇದೆ. ಅಲ್ಲಿ ಇಳಿದ ಅಮೈನೋ ಆಮ್ಲ ತಾಯಿಯ ಅಂಗಾಂಶ ದಾಟಿ, ನಡುವಣ ತೆಳು ನೀರಿಗೆ ಬಿದ್ದು, ತಿರುಳಿನ ಹೊರಗಣ ಅಲ್ಯೂರೋನ್ ಪದರದ ಬಾಗಿಲಿನಿಂದ ಮಗುವಿನ ಪಾಲಾಗುತ್ತದೆ. ಹಾಲುಗಾಳನ್ನು ಬೆರಳಲ್ಲಿ ಹಿಚುಕಿದಾಗ ಒಸರುವ ಬಿಳಿಹಾಲಿನಲ್ಲಿ ಪಿಷ್ಟದ ಜೊತೆಗೆ ಅದೂ ಇರುತ್ತದೆ. ಆಮೇಲೆ ಅದು ಹೆಚ್ಚಾಗಿ ಗ್ಲುಟೆಲಿನ್ ಎಂಬ ಪ್ರೋಟೀನಾಗಿ ಗಟ್ಟಿಯಾಗುತ್ತದೆ. 2014ರಲ್ಲಿ ಚೀನಾದ ವುಹಾನಿನ ವಿಜ್ಞಾನಿಗಳು ಅಕ್ಕಿಯ ಪ್ರೋಟೀನು ಹೆಚ್ಚು ಕಡಿಮೆಯಾಗಲು ಒಂದು ಮುಖ್ಯ ಕಾರಣ ಎಎಪಿ-6 ಎಂಬ ಬಾಗಿಲೇ ಎಂದು ತೋರಿಸಿದರು. ಆ ಬಾಗಿಲು ಚುರುಕಾಗಿರುವ ತಳಿಯ ಅಕ್ಕಿಯಲ್ಲಿ ಪ್ರೋಟೀನು ಹೆಚ್ಚು. ಅನ್ನವನ್ನೇ ನೆಚ್ಚಿದ ಮನೆಗಳಿಗೆ ಇದು ಸಣ್ಣ ಸುದ್ದಿಯಲ್ಲ. ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನ ಮಕ್ಕಳು ಇದನ್ನು ಪಾಠದಲ್ಲಿ ಓದಿದಾಗ, ತಮ್ಮೂರಿನ ಹಳೆಯ ಭತ್ತದ ತಳಿಗಳಲ್ಲಿ ಈ ಬಾಗಿಲು ಹೇಗಿದೆ ಎಂದು ಹುಡುಕಲು ಹೊರಡಲಿ ಎಂಬುದು ನನ್ನ ಆಸೆ.

ಹೂ ಕಟ್ಟಿದ ಸುಮಾರು ಒಂದು ತಿಂಗಳಿಗೆ ಕಾಳು ಬಲಿತು, ಆ ಬೆನ್ನಿನ ನಾಳ ಒಣಗಿ ಮುಚ್ಚುತ್ತದೆ. ಆಮೇಲೆ ಎಷ್ಟು ಗೊಬ್ಬರ ಚೆಲ್ಲಿದರೂ ಒಳಕ್ಕೆ ಹೋಗುವ ದಾರಿಯಿಲ್ಲ. ಕೊಯಿಲಾಗಿ ಕಣಜ ಸೇರಿದ ಬೀಜದ ಭತ್ತ ಮುಂದಿನ ಬೆಳೆಯವರೆಗೆ ಸುಮ್ಮನಿರುತ್ತದೆ. ಭದ್ರಾ ನಾಲೆಗೆ ನೀರು ಬಿಟ್ಟ ಸುದ್ದಿ ಬಂದೊಡನೆ ಅದನ್ನು ನೆನೆಹಾಕಿ, ಗೋಣಿಯಲ್ಲಿ ಮೊಳಕೆ ಕಟ್ಟಿ, ಸಸಿಮಡಿಗೆ ಚೆಲ್ಲುತ್ತಾರೆ. ಆಗ ಕಾಳಿನೊಳಗೆ ಗ್ಲುಟೆಲಿನ್ ಒಡೆದು ಮತ್ತೆ ಅಮೈನೋ ಆಮ್ಲವಾಗಿ, ಭ್ರೂಣಕ್ಕೂ ತಿರುಳಿಗೂ ನಡುವೆ ಇರುವ ಗುರಾಣಿಯಾಕಾರದ ಪುಟ್ಟ ಎಲೆ ಅದನ್ನು ಹೀರಿ ಮೊಳಕೆಗೆ ಕೊಡುತ್ತದೆ. ಹೊಸ ಬೇರು ಕೆಸರಿಗಿಳಿದು ತನ್ನ ಅಮೋನಿಯಂ ತಾನೇ ಹೀರುವವರೆಗೆ ಸಸಿ ಬದುಕುವುದು ಕಳೆದ ಬೆಳೆಯ ಎಲೆಗಳು ಕೊಟ್ಟು ಹೋದ ಸಾರಜನಕದಿಂದ.